ಪಿಎಂ ಕಿಸಾನ್, ಬರ ಪರಿಹಾರ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ತಂದೆಯವರು ತೀರಿಕೊಂಡು ಎರಡು ವರ್ಷವಾಯಿತು. ನಾಲ್ಕು ಎಕರೆ ಇನ್ನೂ ಅವರ ಹೆಸರಲ್ಲೇ ಇದೆ. ನಾವು ಮೂವರು ಅಣ್ಣತಮ್ಮಂದಿರು, ಪಾಲಾಗಿಲ್ಲ. ಪಿಎಂ ಕಿಸಾನ್ ಕಂತು ನಿಂತಿದೆ. 2019ರ ನಂತರ ಹೆಸರು ಬಂದವರಿಗೆ ಹಣವಿಲ್ಲ ಎನ್ನುತ್ತಾರೆ, ನಿಜವೇ?
– ಓದುಗರು, ಹಾನಗಲ್

ಉತ್ತರ: ಅರ್ಧ ನಿಜ. 2019ರ ಫೆಬ್ರುವರಿ 1ರ ನಂತರ ಹೊಲ ಕೊಂಡವರಿಗೆ ಇಲ್ಲ. ಹಿರಿಯರು ತೀರಿಕೊಂಡು ವಾರಸಾ ಹಕ್ಕಿನಲ್ಲಿ ಹೆಸರು ಬಂದವರಿಗೆ ಈ ಗಡುವು ತಟ್ಟುವುದಿಲ್ಲ. ಪಾಲಾಗಲಿ, ಆಮೇಲೆ ನೋಡೋಣ ಎಂದು ಕೂತಿದ್ದೀರಲ್ಲ, ತೊಡಕು ಅಲ್ಲಿದೆ. ಪೌತಿ ಖಾತೆಗೆ ಪಾಲಾಗಿರಲೇಬೇಕೆಂದಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿ, ಜಂಟಿಯಾಗಿ ಖಾತೆ ಮಾಡಿಸಿ. ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರು ಬಿಡಬೇಡಿ. ಇವತ್ತು ಬಿಟ್ಟರೆ ನಾಳೆ ಕೋರ್ಟು ಮೆಟ್ಟಿಲು ಹತ್ತಬೇಕಾದೀತು.

ಒಂದೇ ಪಹಣಿಯಲ್ಲಿ ಹಲವು ಕುಟುಂಬಗಳಿದ್ದರೆ ಅರ್ಹವಾದ ಪ್ರತಿ ಕುಟುಂಬಕ್ಕೂ ಬೇರೆಬೇರೆಯಾಗಿ ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತು. ಕುಟುಂಬವೆಂದರೆ ಗಂಡ, ಹೆಂಡತಿ, ಪ್ರಾಯಕ್ಕೆ ಬಾರದ ಮಕ್ಕಳು. ಆದಾಯ ತೆರಿಗೆ ಕಟ್ಟುವವರ ಮನೆಗೂ ಡಿ ದರ್ಜೆ ಬಿಟ್ಟು ಉಳಿದ ಸರ್ಕಾರಿ ನೌಕರರ ಮನೆಗೂ ಇಲ್ಲ. ಖಾತೆಯಾದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಐಡಿ ಮಾಡಿಸಿ ಹೊಸದಾಗಿ ಅರ್ಜಿ ಹಾಕಿ. ತಂದೆ ಹೋದ ಮೇಲೆ ಅವರ ಖಾತೆಗೆ ಬಿದ್ದ ಕಂತೇನಾದರೂ ಇದ್ದರೆ ಮುಟ್ಟಬೇಡಿ. ಅದು ಸರ್ಕಾರಕ್ಕೆ ಮರಳಿಸಬೇಕಾದ ಹಣ.

ಪ್ರಶ್ನೆ: ಆರು ಎಕರೆ ಲಾವಣಿಗೆ ಹಿಡಿದು ಹೆಸರು, ಕಡಲೆ ಬೆಳೆಯುತ್ತೇನೆ. ಮಾಲಕರು ಹುಬ್ಬಳ್ಳಿಯಲ್ಲಿದ್ದಾರೆ. 2023ರ ಬರಕ್ಕೆ ಬೆಳೆ ಹೋದದ್ದು ನನ್ನದು, ಪರಿಹಾರ ಜಮೆಯಾದದ್ದು ಅವರಿಗೆ. ನನಗೇನೂ ಇಲ್ಲವೇ?
– ಓದುಗರು, ರೋಣ

ಉತ್ತರ: ಈಗಿರುವ ನಿಯಮದಲ್ಲಿ ಇಲ್ಲ, ಪಿಎಂ ಕಿಸಾನ್ ಕೂಡ ಇಲ್ಲ. ಸರ್ಕಾರದ ಹಣ ಪಹಣಿಯಲ್ಲಿರುವ ಹೆಸರನ್ನು ಹುಡುಕಿಕೊಂಡು ಹೋಗುತ್ತದೆ, ನೇಗಿಲು ಹಿಡಿದವನನ್ನಲ್ಲ. ಉಳುವವನಿಗೇ ಭೂಮಿ ಕೊಡಿಸಲೆಂದು ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ತಿದ್ದುಪಡಿಯಾಗಿ ಗೇಣಿ ರದ್ದಾಯಿತು. ಆವತ್ತಿನ ಗೇಣಿದಾರರಿಗೆ ಭೂಮಿ ಸಿಕ್ಕಿತು, ಸರಿ. ಆದರೆ ಲಾವಣಿ ನಿಲ್ಲಲಿಲ್ಲ, ಬಾಯಿಮಾತಿನಲ್ಲಿ ನಡೆಯುತ್ತಲೇ ಬಂತು. ಹೊಲ ಕೈಬಿಟ್ಟೀತೆಂಬ ಅಂಜಿಕೆಗೆ ಯಾವ ಮಾಲಕರೂ ಕಾಗದ ಬರೆದುಕೊಡುವುದಿಲ್ಲ. ಹಾಗಾಗಿ ಕಚೇರಿಯ ಲೆಕ್ಕದಲ್ಲಿ ನೀವು ಇಲ್ಲವೇ ಇಲ್ಲ. ಆಂಧ್ರಪ್ರದೇಶದಲ್ಲಿ 2019ರ ಕಾಯ್ದೆಯಂತೆ ಭೂಮಾಲೀಕರ ಹಕ್ಕಿಗೆ ಧಕ್ಕೆಯಾಗದಂತೆ ಸಾಗುವಳಿದಾರನಿಗೆ ಹನ್ನೊಂದು ತಿಂಗಳ ಕಾರ್ಡು ಕೊಡುತ್ತಾರೆ. ನಮ್ಮಲ್ಲೂ ಅದು ಆಗಬಾರದೆಂಬುದಕ್ಕೆ ನನಗೆ ಕಾರಣ ಕಾಣುತ್ತಿಲ್ಲ.

ಸದ್ಯಕ್ಕೆ ನಿಮ್ಮ ಕೈಲಿರುವುದು ಮಾತು. ಯುಗಾದಿಗೆ ಲಾವಣಿ ಕುದುರಿಸುವಾಗಲೇ ಪರಿಹಾರ ಬಂದರೆ ಯಾರಿಗೆಷ್ಟು ಎಂದು ಹಿರಿಯರ ಮುಂದೆ ತೀರ್ಮಾನಿಸಿಕೊಳ್ಳಿ. ಮಳೆಯಾಶ್ರಿತ ಬೆಳೆಗೆ ಕೇಂದ್ರದ ದರ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ. ನಿಮ್ಮ ಆರು ಎಕರೆಯಲ್ಲಿ ಐದಕ್ಕಷ್ಟೇ ಲೆಕ್ಕ ಎಂಬುದು ಚೌಕಾಶಿಯ ಹೊತ್ತಿಗೆ ನೆನಪಿರಲಿ.

ಪ್ರಶ್ನೆ: ಕಂತು ಪಾವತಿಯಾಗಿದೆ ಎಂದು ಮೊಬೈಲು ತೋರಿಸುತ್ತದೆ, ಪಾಸ್‌ಬುಕ್ಕಿನಲ್ಲಿ ಇಲ್ಲ.
– ಓದುಗರು, ಶಿರಾ

ಉತ್ತರ: ಹಣ ಬಹುಶಃ ನಿಮ್ಮದೇ ಇನ್ನೊಂದು ಖಾತೆಯಲ್ಲಿದೆ. ಆಧಾರ್ ಮೂಲಕ ಬರುವ ಹಣ ಕೊನೆಯದಾಗಿ ಜೋಡಣೆಯಾದ ಖಾತೆಗೆ ಬೀಳುತ್ತದೆ. ಸಿಮ್ ಕೊಳ್ಳುವಾಗ ಹೆಬ್ಬೆಟ್ಟು ಒತ್ತಿ ತಮಗರಿವಿಲ್ಲದೆ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದವರಿದ್ದಾರೆ. ಬ್ಯಾಂಕಿನಲ್ಲಿ ಆಧಾರ್ ಲಿಂಕ್ ಆಗಿದೆಯೇ ಎಂದು ಕೇಳಬೇಡಿ, ಆಗಿದೆ ಎಂದು ಕಳಿಸಿಬಿಡುತ್ತಾರೆ. ಎನ್‌ಪಿಸಿಐ ಮ್ಯಾಪಿಂಗ್ ಯಾವ ಬ್ಯಾಂಕಿಗಿದೆ ಎಂದು ಕೇಳಿ.