ಕಾಲನಿಷ್ಠ ಪ್ರಮಾಣಬದ್ಧ ಮಾದರಿ: 1964ರ ಡ್ರ್ಯಾಗ್‌ಸ್ಟರ್ ಕುರಿತು ಒಂದು ಅಧ್ಯಯನ

ವಾಹನಗಳ ಪ್ರಮಾಣಬದ್ಧ ಮಾದರಿಗಳ ತಯಾರಿಕೆಯು ಮೇಲ್ನೋಟಕ್ಕೆ ಬಿಡುವಿನ ವೇಳೆಯ ಹವ್ಯಾಸವೆಂದು ಕಂಡರೂ ಅದರ ಹಿಂದೆ ಅಚ್ಚು ತಯಾರಿಕೆ, ಪ್ಲಾಸ್ಟಿಕ್ ಮೋಲ್ಡಿಂಗ್, ಸೂಕ್ಷ್ಮ ಮುದ್ರಣ ಹಾಗೂ ಹೆಸರು-ಚಿಹ್ನೆಗಳ ಪರವಾನಗಿ ಇವೆಲ್ಲವನ್ನೂ ಒಳಗೊಂಡ ಒಂದು ಉದ್ಯಮವಿದೆ. ಅಂತರರಾಷ್ಟ್ರೀಯ ಸುಂಕ ವರ್ಗೀಕರಣದಲ್ಲಿ ಇಂತಹ ಮಾದರಿಗಳು ಆಟಿಕೆಗಳೊಡನೆ 9503ನೆಯ ಶೀರ್ಷಿಕೆಯಡಿಯಲ್ಲಿಯೇ ಬರುತ್ತವೆ. ಆದರೆ ಆಟಿಕೆಯನ್ನು ಕೊಳ್ಳುವ ಗ್ರಾಹಕನಿಗೂ ಮಾದರಿಯನ್ನು ಕೊಳ್ಳುವ ಸಂಗ್ರಾಹಕನಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಸಂಗ್ರಾಹಕನು ಬೆಲೆ ಕೊಡುವುದು ನಿಖರತೆಗೆ. ಆ ನಿಖರತೆಯನ್ನು ಸಾಧಿಸುವ ಕ್ರಮವೇನು ಎಂಬುದನ್ನು ಒಂದು ನಿರ್ದಿಷ್ಟ ಉದಾಹರಣೆಯ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಉದಾಹರಣೆಗಾಗಿ ಆಯ್ದುಕೊಂಡಿರುವುದು ಅಮೆರಿಕದ ಡ್ರ್ಯಾಗ್ ರೇಸ್ ಕಣದಲ್ಲಿ 1964ರ ಸುಮಾರಿಗೆ ಓಡುತ್ತಿದ್ದ ನೈಟ್ರೊಮೀಥೇನ್ ಇಂಧನದ ಡ್ರ್ಯಾಗ್‌ಸ್ಟರ್.

ಹಿನ್ನೆಲೆ

ಎರಡು ವಾಹನಗಳು ನಿಂತಲ್ಲಿಂದ ಹೊರಟು ನೇರವಾದ ಪಟ್ಟಿಯ ಮೇಲೆ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ದೂರವನ್ನು ಯಾವುದು ಮೊದಲು ಕ್ರಮಿಸುತ್ತದೆ ಎಂದು ನಿರ್ಣಯಿಸುವ ಸ್ಪರ್ಧೆಯೇ ಡ್ರ್ಯಾಗ್ ರೇಸ್. ಈ ಕ್ರೀಡೆಗೆ ಶಿಸ್ತನ್ನೂ ನಿಯಮಗಳನ್ನೂ ತರುವ ಸಲುವಾಗಿ ವಾಲಿ ಪಾರ್ಕ್ಸ್ ಅವರು 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ನೈಟ್ರೊಮೀಥೇನ್ ಇಂಧನವು ತನ್ನ ಅಣುವಿನಲ್ಲಿಯೇ ಆಮ್ಲಜನಕವನ್ನು ಹೊಂದಿರುತ್ತದೆ. ಒಂದು ಕಿಲೋ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾದರೆ ಒಂದು ಕಿಲೋ ನೈಟ್ರೊಮೀಥೇನ್‌ಗೆ ಸುಮಾರು 1.7 ಕಿಲೋ ಸಾಕು. ಆದ್ದರಿಂದ ಅದೇ ಎಂಜಿನ್ನಿನಲ್ಲಿ ಹಲವು ಪಟ್ಟು ಹೆಚ್ಚು ಇಂಧನವನ್ನು ಉರಿಸಿ ಅಪಾರ ಶಕ್ತಿಯನ್ನು ಪಡೆಯಬಹುದು. 1957ರಲ್ಲಿ ಈ ಇಂಧನವನ್ನು ನಿಷೇಧಿಸಿದ್ದ ಸಂಸ್ಥೆಯು 1960ರ ದಶಕದ ಮೊದಲ ಭಾಗದಲ್ಲಿ ಅದಕ್ಕೆ ಮತ್ತೆ ಅನುಮತಿ ನೀಡಿತು. 1964ರ ಆಗಸ್ಟ್ 1ರಂದು ಫ್ಲಾರಿಡಾದ ಡಾನ್ ಗಾರ್ಲಿಟ್ಸ್ ಅವರು ನ್ಯೂಜೆರ್ಸಿ ರಾಜ್ಯದ ಐಲ್ಯಾಂಡ್ ಡ್ರ್ಯಾಗ್‌ವೇಯಲ್ಲಿ ಗಂಟೆಗೆ 201.34 ಮೈಲಿ, ಅಂದರೆ ಸುಮಾರು 324 ಕಿಲೋಮೀಟರ್ ವೇಗವನ್ನು ದಾಖಲಿಸಿದರು.

ಅಂದಿನ ಡ್ರ್ಯಾಗ್‌ಸ್ಟರ್‌ನಲ್ಲಿ ಎಂಜಿನ್ ಮುಂದೆ, ಹಿಂಬದಿಯ ಆ್ಯಕ್ಸಲ್ ಅದರ ಹಿಂದೆ, ಚಾಲಕನು ಎಲ್ಲಕ್ಕೂ ಹಿಂದೆ ಕುಳಿತುಕೊಳ್ಳುತ್ತಿದ್ದನು. ಕವಣೆಯಲ್ಲಿಟ್ಟ ಕಲ್ಲಿನಂತೆ ಆತನ ಸ್ಥಾನವಿದ್ದುದರಿಂದ ಈ ವಿನ್ಯಾಸಕ್ಕೆ ‘ಸ್ಲಿಂಗ್‌ಶಾಟ್’ ಎಂಬ ಹೆಸರು ಬಂದಿತು.

ಕಾಲನಿಷ್ಠತೆ ಎಂದರೇನು?

ಮಾದರಿಯೊಂದನ್ನು ಕಾಲನಿಷ್ಠ ಎಂದು ಕರೆಯಬೇಕಾದರೆ ಅದರಲ್ಲಿರುವ ಪ್ರತಿಯೊಂದು ಭಾಗವೂ ಆಯ್ದುಕೊಂಡ ದಿನಾಂಕದಂದು ಮೂಲ ವಾಹನದಲ್ಲಿ ಇದ್ದಿರಬೇಕು. ‘ಅರುವತ್ತರ ದಶಕದ ಡ್ರ್ಯಾಗ್‌ಸ್ಟರ್’ ಎಂಬ ವಿವರಣೆಯು ಸಾಲದು. ಈ ವಾಹನಗಳು ಪ್ರತಿ ಋತುವಿನಲ್ಲಿಯೂ, ಕೆಲವೊಮ್ಮೆ ಪ್ರತಿ ವಾರವೂ ಬದಲಾಗುತ್ತಿದ್ದವು. ಆದಕಾರಣ ನಿರ್ಮಾಪಕನು ಮಾಡಬೇಕಾದ ಮೊದಲ ಕೆಲಸವೆಂದರೆ ವರ್ಷವನ್ನು, ಸಾಧ್ಯವಾದರೆ ಒಂದು ನಿರ್ದಿಷ್ಟ ಸ್ಪರ್ಧೆಯ ದಿನವನ್ನು ನಿಗದಿಪಡಿಸಿಕೊಳ್ಳುವುದು. ಅಂಟು, ಬಣ್ಣ, ಉಪಕರಣಗಳ ಆಲೋಚನೆ ಆನಂತರದ್ದು.

ಆಧಾರಗಳ ಸಂಗ್ರಹ

ಆಧಾರಗಳಲ್ಲಿ ದಿನಾಂಕವುಳ್ಳ ಛಾಯಾಚಿತ್ರಕ್ಕೆ ಮೊದಲ ಸ್ಥಾನ. 1948ರಲ್ಲಿ ಆರಂಭವಾದ ‘ಹಾಟ್ ರಾಡ್’ ಮಾಸಪತ್ರಿಕೆ ಹಾಗೂ 1960ರಲ್ಲಿ ಆರಂಭವಾದ ‘ನ್ಯಾಷನಲ್ ಡ್ರ್ಯಾಗ್‌ಸ್ಟರ್’ ಪತ್ರಿಕೆಗಳಂತಹ ಸಮಕಾಲೀನ ವರದಿಗಳು ಎರಡನೆಯವು. ಇಂದು ಉಳಿದಿರುವ ಮೂಲ ವಾಹನವು ಮೂರನೆಯ ಸ್ಥಾನದಲ್ಲಿ ನಿಲ್ಲುತ್ತದೆ ಎಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಕಾರಣ ಸರಳವಾಗಿದೆ. ಹಳೆಯ ವಾಹನವನ್ನು ಪುನರುದ್ಧಾರ ಮಾಡುವಾಗ ಕಳೆದುಹೋದ ಭಾಗಗಳ ಸ್ಥಾನದಲ್ಲಿ ನಂತರದ ಕಾಲದ ಭಾಗಗಳು ಸೇರಿಕೊಳ್ಳುವುದುಂಟು. ಅಂದು ಎಣ್ಣೆ, ರಬ್ಬರ್ ಹೊಗೆಗಳಿಂದ ಮಸುಕಾಗಿದ್ದ ಲೋಹವು ಇಂದು ಕನ್ನಡಿಯಂತೆ ಹೊಳೆಯುತ್ತದೆ. ಹಳೆಯ ವಿನ್ಯಾಸದ ವಾಹನವನ್ನು ಇಂದು ಮತ್ತೆ ಸ್ಪರ್ಧೆಗೆ ಇಳಿಸುವುದಾದರೆ ಇಂದಿನ ಸುರಕ್ಷತಾ ನಿಯಮಗಳನ್ನೂ ಪಾಲಿಸಬೇಕಾಗುತ್ತದೆ.

ಕಿಟ್‌ನ ಪೆಟ್ಟಿಗೆಯನ್ನೂ ಆಧಾರವೆಂದು ಪರಿಗಣಿಸಲಾಗದು. 1948ರಲ್ಲಿ ಮಿಷಿಗನ್ ರಾಜ್ಯದಲ್ಲಿ ಆರಂಭವಾದ ಎಎಂಟಿ ಸಂಸ್ಥೆಯು ಮೊದಲು ಮೋಟಾರು ವಿತರಕರ ಪ್ರಚಾರಕ್ಕಾಗಿ 1:25 ಪ್ರಮಾಣದ ಸಿದ್ಧ ಮಾದರಿಗಳನ್ನು ತಯಾರಿಸುತ್ತಿದ್ದು, 1958ರಲ್ಲಿ ಒಂದೇ ಪೆಟ್ಟಿಗೆಯಿಂದ ಮೂರು ಬಗೆಯಾಗಿ ಜೋಡಿಸಬಹುದಾದ ಕಿಟ್‌ಗಳನ್ನು ಮಾರುಕಟ್ಟೆಗೆ ತಂದಿತು. ಅಚ್ಚು ದುಬಾರಿ ಆಸ್ತಿ. ಆದ್ದರಿಂದ ಒಂದೇ ಎಂಜಿನ್ನಿನ ಅಚ್ಚು ಹಲವು ಕಿಟ್‌ಗಳಲ್ಲಿ, ಹಲವು ದಶಕಗಳ ಕಾಲ ದುಡಿಯುವುದು ಈ ಉದ್ಯಮದ ಸಾಮಾನ್ಯ ರೂಢಿ. ವ್ಯಾಪಾರದ ದೃಷ್ಟಿಯಿಂದ ಇದು ಸರಿಯಾದ ಕ್ರಮವೇ ಹೌದು. ಆದರೆ ಪೆಟ್ಟಿಗೆಯೊಳಗಿನ ಎಲ್ಲ ಭಾಗಗಳೂ ಒಂದೇ ವರ್ಷಕ್ಕೆ ಸೇರಿದವೆಂಬ ಭರವಸೆಯನ್ನು ಅದು ನೀಡುವುದಿಲ್ಲ.

ಅಳತೆಯ ಲೆಕ್ಕ

ಮಾರುಕಟ್ಟೆಯಲ್ಲಿ 1:24 ಮತ್ತು 1:25 ಎಂಬ ಎರಡು ಪ್ರಮಾಣಗಳು ಅಕ್ಕಪಕ್ಕದಲ್ಲಿ ದೊರೆಯುತ್ತವೆ. ವ್ಯತ್ಯಾಸ ಅತ್ಯಲ್ಪವೆಂದು ಭಾವಿಸಿ ಎರಡನ್ನೂ ಬೆರೆಸುವವರಿದ್ದಾರೆ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ 150 ಅಂಗುಲ ಅಂತರವಿರುವ ವಾಹನವೊಂದನ್ನು ತೆಗೆದುಕೊಳ್ಳೋಣ. 1:25ರಲ್ಲಿ ಅದು 152.4 ಮಿಲಿಮೀಟರ್, 1:24ರಲ್ಲಿ 158.75 ಮಿಲಿಮೀಟರ್. ಆರು ಮಿಲಿಮೀಟರಿಗೂ ಮಿಕ್ಕ ಈ ವ್ಯತ್ಯಾಸವು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಇದೇ ರೀತಿ 1.5 ಅಂಗುಲ ವ್ಯಾಸದ ಚಾಸಿಸ್ ಕೊಳವೆಯು 1:25ರಲ್ಲಿ 1.5 ಮಿಲಿಮೀಟರ್ ಆಗುತ್ತದೆ. 7 ಮಿಲಿಮೀಟರ್ ದಪ್ಪದ ಸ್ಪಾರ್ಕ್ ಪ್ಲಗ್ ತಂತಿಯು 0.28 ಮಿಲಿಮೀಟರ್ ಆಗುತ್ತದೆ. ಕೆಲಸ ಆರಂಭಿಸುವ ಮುನ್ನ ಎಲ್ಲ ಅಳತೆಗಳನ್ನೂ ಒಂದೇ ಪ್ರಮಾಣಕ್ಕೆ ಇಳಿಸಿ ಪಟ್ಟಿ ಮಾಡಿಟ್ಟುಕೊಳ್ಳುವುದು ಲೇಸು.

ಭಾಗವಾರು ಪರಿಶೀಲನೆ

1. ಎಂಜಿನ್: 1964ರಲ್ಲಿ ಈ ವರ್ಗದಲ್ಲಿ ಹೆಚ್ಚು ಬಳಕೆಯಲ್ಲಿದ್ದುದು ಕ್ರೈಸ್ಲರ್ ಸಂಸ್ಥೆಯ 392 ಘನ ಅಂಗುಲದ ‘ಹೆಮಿ’. 426 ಘನ ಅಂಗುಲದ ಹೊಸ ಹೆಮಿ ರೇಸ್ ಕಣಕ್ಕೆ ಬಂದದ್ದು ಆ ವರ್ಷವೇ. ಎರಡನ್ನೂ ಗುರುತಿಸುವ ಸುಲಭ ಉಪಾಯವೆಂದರೆ ದಹನದ ಕಿಡಿ ಹಂಚುವ ಸಾಧನದ ಸ್ಥಾನ. 392ರ ಮೂಲ ವಿನ್ಯಾಸದಲ್ಲಿ ಅದು ಎಂಜಿನ್ನಿನ ಹಿಂಭಾಗದಲ್ಲಿದ್ದರೆ 426ರಲ್ಲಿ ಮುಂಭಾಗದಲ್ಲಿರುತ್ತದೆ. ಎರಡರ ಸಿಲಿಂಡರ್ ಉರಿಯುವ ಕ್ರಮವೂ ಒಂದೇ: 1-8-4-3-6-5-7-2. ತಂತಿಗಳನ್ನು ಈ ಕ್ರಮಕ್ಕೆ ಅನುಗುಣವಾಗಿಯೇ ಜೋಡಿಸಬೇಕು.

2. ಸೂಪರ್‌ಚಾರ್ಜರ್: ಎಂಜಿನ್ನಿನ ಮೇಲೆ ಕುಳಿತ, ಗಾಳಿಯನ್ನು ಒತ್ತಿ ತುಂಬುವ ಈ ಸಾಧನವು ಮೂಲತಃ ಜಿಎಂಸಿ 6-71 ಮಾದರಿಯದು. ಲಾರಿ, ಬಸ್ಸುಗಳ ಎರಡು ಸ್ಟ್ರೋಕ್ ಡೀಸೆಲ್ ಎಂಜಿನ್ನಿಗಾಗಿ ತಯಾರಾದ ವಸ್ತುವನ್ನು ರೇಸಿನವರು ತಮ್ಮ ಉಪಯೋಗಕ್ಕೆ ಅಳವಡಿಸಿಕೊಂಡರು. ‘6’ ಎಂಬುದು ಆ ಡೀಸೆಲ್ ಎಂಜಿನ್ನಿನ ಸಿಲಿಂಡರುಗಳ ಸಂಖ್ಯೆ, ‘71’ ಪ್ರತಿ ಸಿಲಿಂಡರಿನ ಘನ ಅಂಗುಲ.

3. ಹೊಗೆ ಕೊಳವೆಗಳು: ಹಳೆಯ ಕ್ರಮದಲ್ಲಿ ಇವು ಕೆಳಕ್ಕೆ ಬಾಗಿರುತ್ತಿದ್ದವು. ಹಿಂದಕ್ಕೂ ಮೇಲಕ್ಕೂ ಬಾಗಿದ ‘ಜೂಮಿ’ ಕೊಳವೆಗಳು 1964ರ ಸುಮಾರಿಗೆ ಬಂದು ಬೇಗನೆ ಹರಡಿದವು. ಆ ವರ್ಷ ಸಂಧಿಕಾಲವಾದ್ದರಿಂದ ಛಾಯಾಚಿತ್ರವನ್ನು ನೋಡದೆ ನಿರ್ಣಯಿಸಬಾರದು.

4. ಪ್ರಾರಂಭಿಸುವ ವ್ಯವಸ್ಥೆ: ಈ ವಾಹನಗಳಿಗೆ ಸ್ಟಾರ್ಟರ್ ಮೋಟಾರು ಇರಲಿಲ್ಲ. ಹಿಂದಿನಿಂದ ಇನ್ನೊಂದು ವಾಹನ ನೂಕಿಕೊಂಡು ಹೋಗಿ ಚಾಲನೆ ಕೊಡುತ್ತಿತ್ತು. ಆದ್ದರಿಂದ ಸ್ಟಾರ್ಟರ್ ಬೇಡ. ಹಿಂಬದಿಯಲ್ಲಿ ನೂಕುವ ಪಟ್ಟಿ ಬೇಕು.

5. ಗಾಲಿ ಮತ್ತು ಬ್ರೇಕ್: ಮುಂದೆ ಕಡ್ಡಿಗಳುಳ್ಳ ತೆಳು ಗಾಲಿಗಳು, ಬ್ರೇಕ್ ಇಲ್ಲ. ಹಿಂದೆ ಅಗಲವಾದ ನುಣುಪು ಟೈರುಗಳು. ಹಿಂದಿನ ಗಾಲಿಗಳು ಮೆಗ್ನೀಷಿಯಮ್ ಲೋಹದವಾಗಿದ್ದರೆ ಅವಕ್ಕೆ ಮಂಕು ಬೂದು ಬಣ್ಣವೇ ಸರಿ. ಕಿಟ್‌ನಲ್ಲಿ ಅವು ಕ್ರೋಮ್ ಲೇಪನದೊಡನೆ ಬಂದಿದ್ದರೆ ಬಟ್ಟೆಗೆ ಬಳಸುವ ಬ್ಲೀಚ್ ದ್ರಾವಣದಲ್ಲಿ ಅದ್ದಿ ಲೇಪನವನ್ನು ತೆಗೆದು, ಚೆನ್ನಾಗಿ ತೊಳೆದು ಒಣಗಿಸಿದ ಮೇಲೆ ಬಣ್ಣ ಹಚ್ಚಬಹುದು.

6. ಕೊಳವೆ ಜೋಡಣೆಗಳು: ಇಂಧನ ಕೊಳವೆಗಳ ತುದಿಯಲ್ಲಿ ಹೊಳೆಯುವ ಕೆಂಪು-ನೀಲಿ ಜೋಡಣೆಗಳನ್ನು ಹಾಕುವುದು ಇಂದಿನ ಮಾದರಿಕಾರರಲ್ಲಿ ಸಾಮಾನ್ಯವಾಗಿ ಕಂಡುಬರುವ ತಪ್ಪು. ಅವು ನಂತರದ ಕಾಲದವು.

7. ಗೇರ್‌ಬಾಕ್ಸ್: 1964ರ ಸ್ಲಿಂಗ್‌ಶಾಟ್‌ನಲ್ಲಿ ಸಾಮಾನ್ಯವಾಗಿ ಗೇರ್‌ಬಾಕ್ಸ್ ಇರುತ್ತಿರಲಿಲ್ಲ. ಎಂಜಿನ್ನಿನ ಶಕ್ತಿಯು ಕ್ಲಚ್ ಮೂಲಕ ನೇರವಾಗಿ ಹಿಂಬದಿಯ ಆ್ಯಕ್ಸಲ್‌ಗೆ ಹೋಗುತ್ತಿತ್ತು. ಟೈರುಗಳು ಪಟ್ಟಿಯ ಉದ್ದಕ್ಕೂ ಜಾರುತ್ತಾ ಹೊಗೆಯೆಬ್ಬಿಸುತ್ತಿದ್ದವು. ಎರಡು ವೇಗದ ಗೇರ್‌ಬಾಕ್ಸ್ ಬಳಕೆಗೆ ಬಂದದ್ದು ಆ ದಶಕದ ಕೊನೆಯ ಭಾಗದಲ್ಲಿ. ಕಿಟ್‌ನಲ್ಲಿ ಅಂತಹ ಭಾಗವಿದ್ದರೆ ಅದನ್ನು ಕೈಬಿಟ್ಟು, ಕ್ಲಚ್ ಕವಚಕ್ಕೂ ಆ್ಯಕ್ಸಲ್‌ಗೂ ನಡುವೆ ಗಿಡ್ಡನೆಯ ಜೋಡಣೆಯನ್ನು ಪ್ಲಾಸ್ಟಿಕ್ ಕಡ್ಡಿಯಿಂದ ರೂಪಿಸಬೇಕು.

ಒಂದು ಸಣ್ಣ ಭಾಗದ ಮಹತ್ವ

ಚಾಲಕನ ಕಾಲುಗಳ ನಡುವೆ ಮರೆಯಾಗಿರುವ, ಮಾದರಿಯಲ್ಲಿ ಹೆಸರುಕಾಳಿನಷ್ಟೂ ಕಾಣದ ಭಾಗಕ್ಕೆ ಇಷ್ಟು ಗಮನ ಏಕೆ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ 1970ರ ಮಾರ್ಚ್ 8ರ ಘಟನೆಯಲ್ಲಿದೆ. ಅಂದು ಕ್ಯಾಲಿಫೋರ್ನಿಯಾದ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಗಾರ್ಲಿಟ್ಸ್ ಅವರ ‘ಸ್ವಾಂಪ್ ರ್‍ಯಾಟ್’ ಸರಣಿಯ 13ನೆಯ ವಾಹನವು ಹೊರಟ ಕ್ಷಣದಲ್ಲಿಯೇ ಅದರ ಎರಡು ವೇಗದ ಗೇರ್‌ಬಾಕ್ಸ್ ಸಿಡಿಯಿತು. ವಾಹನ ಎರಡು ತುಂಡಾಯಿತು. ಗಾರ್ಲಿಟ್ಸ್ ತಮ್ಮ ಬಲಪಾದದ ಒಂದು ಭಾಗವನ್ನು ಕಳೆದುಕೊಂಡರು. ಸ್ಲಿಂಗ್‌ಶಾಟ್ ವಿನ್ಯಾಸದಲ್ಲಿ ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಎಲ್ಲವೂ ಚಾಲಕನ ಮುಂದೆಯೇ ಇದ್ದುದರಿಂದ ಏನು ಸಿಡಿದರೂ, ಏನು ಹೊತ್ತಿ ಉರಿದರೂ ಅದು ನೇರವಾಗಿ ಆತನನ್ನೇ ತಲುಪುತ್ತಿತ್ತು.

ಚೇತರಿಸಿಕೊಂಡ ಗಾರ್ಲಿಟ್ಸ್ ಎಂಜಿನ್ನನ್ನು ಚಾಲಕನ ಬೆನ್ನ ಹಿಂದಕ್ಕೆ ಸರಿಸಿದ ಹೊಸ ವಾಹನದ ಕೆಲಸಕ್ಕೆ ಕೈಹಾಕಿದರು. ಅದಕ್ಕೂ ಮೊದಲು ಕೆಲವರು ಇಂತಹ ಪ್ರಯತ್ನ ಮಾಡಿದ್ದರೂ ವಾಹನವನ್ನು ನೇರವಾಗಿ ಓಡಿಸುವುದು ಅವರಿಗೆ ಕಷ್ಟವಾಗಿತ್ತು. ಸ್ಟಿಯರಿಂಗ್‌ನ ಸ್ಪಂದನವನ್ನು ನಿಧಾನಗೊಳಿಸಿದಾಗ ಆ ತೊಡಕು ಬಗೆಹರಿಯಿತು. 14ನೆಯ ಸ್ವಾಂಪ್ ರ್‍ಯಾಟ್ 1971ರ ಆರಂಭದಲ್ಲಿ ಪೊಮೋನಾದಲ್ಲಿ ನಡೆದ ವಿಂಟರ್‌ನ್ಯಾಷನಲ್ಸ್ ಸ್ಪರ್ಧೆಯನ್ನು ಗೆದ್ದಿತು. ಕೆಲವೇ ವರ್ಷಗಳಲ್ಲಿ ಈ ವರ್ಗದ ಎಲ್ಲರೂ ಆ ವಿನ್ಯಾಸವನ್ನು ಅನುಸರಿಸಿದರು.

ಈಗ ಮೂರು ಮಾದರಿಗಳನ್ನು ಸಾಲಾಗಿ ಇಟ್ಟರೆ ನಮಗೆ ಕಾಣುವುದೇನು? 1964ರದರಲ್ಲಿ ಗೇರ್‌ಬಾಕ್ಸ್ ಇಲ್ಲ. 1970ರದರಲ್ಲಿ ಅದು ಚಾಲಕನ ಪಾದಗಳ ಬಳಿ ಇದೆ. 1971ರದರಲ್ಲಿ ಅದು ಆತನ ಬೆನ್ನ ಹಿಂದೆ ಹೋಗಿದೆ. ಒಬ್ಬ ಮನುಷ್ಯನು ತೆತ್ತ ಬೆಲೆ ಮತ್ತು ಅದರಿಂದ ಅನೇಕರ ಜೀವಕ್ಕೆ ದೊರೆತ ರಕ್ಷಣೆ ಎರಡೂ ಈ ಸಣ್ಣ ಭಾಗದ ಸ್ಥಾನದಲ್ಲಿ ದಾಖಲಾಗಿವೆ. ‘ಪೆಟ್ಟಿಗೆಯಲ್ಲಿತ್ತು’ ಎಂಬ ಕಾರಣಕ್ಕೆ 1964ರ ಮಾದರಿಗೆ ಅದನ್ನು ಅಂಟಿಸಿದರೆ ಈ ಇತಿಹಾಸ ಅಳಿಸಿಹೋಗುತ್ತದೆ.

ದಾಖಲೆ ಪುಸ್ತಕ

ಮೇಲಿನ ಎಲ್ಲ ನಿರ್ಣಯಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಭಾಗದ ಹೆಸರು, ಅದು ಬಂದ ಮೂಲ, ಆಧಾರವಾದ ಛಾಯಾಚಿತ್ರ ಅಥವಾ ವರದಿ, ಅದರ ದಿನಾಂಕ, ಕೈಗೊಂಡ ನಿರ್ಣಯ ಎಂಬ ಐದು ಅಂಕಣಗಳು ಸಾಕು. ಆಧಾರ ದೊರೆಯದ ಭಾಗದ ಮುಂದೆ ‘ಊಹೆ’ ಎಂದು ಸ್ಪಷ್ಟವಾಗಿ ನಮೂದಿಸಬೇಕು. ಊಹೆ ಮಾಡುವುದರಲ್ಲಿ ದೋಷವಿಲ್ಲ. ಊಹೆಯನ್ನು ಸತ್ಯವೆಂದು ಮಾರುವುದು ದೋಷ. ಮಾದರಿಯನ್ನು ಮಾರಾಟ ಮಾಡುವಾಗ ಈ ಪುಟಗಳ ಪ್ರತಿಯನ್ನೂ ಜೊತೆಗೆ ನೀಡಿದರೆ ಕೊಳ್ಳುವವನಿಗೆ ವಿಶ್ವಾಸ ಮೂಡುತ್ತದೆ. ವಾಹನದ ಮೇಲಿನ ಹೆಸರು ಮತ್ತು ವ್ಯಾಪಾರ ಚಿಹ್ನೆಗಳನ್ನು ಮಾರಾಟದ ಉದ್ದೇಶಕ್ಕಾಗಿ ಮುದ್ರಿಸುವುದಾದರೆ ಅವುಗಳ ಒಡೆಯರಿಂದ ಪರವಾನಗಿ ಪಡೆಯಬೇಕೆಂಬುದನ್ನೂ ಮರೆಯಬಾರದು.

ಉಪಸಂಹಾರ

ಮಾದರಿಯ ಕಿಟ್‌ಗಳನ್ನಾಗಲಿ, ಬಿಡಿಭಾಗಗಳನ್ನಾಗಲಿ ತಯಾರಿಸಲು ಇಚ್ಛಿಸುವ ನಮ್ಮ ಉದ್ಯಮಿಗಳು ಈ ಉದಾಹರಣೆಯಿಂದ ಗ್ರಹಿಸಬೇಕಾದ ಅಂಶ ಒಂದೇ. ಉತ್ತಮ ಅಚ್ಚು, ನುಣುಪಾದ ಬಣ್ಣ ಇವು ಮಾರುಕಟ್ಟೆಯ ಪ್ರವೇಶಕ್ಕೆ ಬೇಕಾದ ಕನಿಷ್ಠ ಅರ್ಹತೆಗಳು. ಬೆಲೆಯನ್ನು ನಿರ್ಧರಿಸುವುದು ವಿವರಗಳ ಸತ್ಯತೆ. ಯಂತ್ರದ ಬಿಡಿಭಾಗವನ್ನು ತಯಾರಿಸುವಾಗ ನಕ್ಷೆಯ ಪರಿಷ್ಕರಣೆ ಸಂಖ್ಯೆಯನ್ನು ನೋಡಿ ಕೆಲಸ ಮಾಡುವವರಿಗೆ ಈ ಶಿಸ್ತು ಹೊಸದೇನಲ್ಲ. ಹಳೆಯ ನಕ್ಷೆಯ ಪ್ರಕಾರ ತಯಾರಾದ ಭಾಗವು ಹೊಸ ಯಂತ್ರಕ್ಕೆ ಹೇಗೆ ಒಪ್ಪುವುದಿಲ್ಲವೋ ಹಾಗೆಯೇ 1970ರ ಭಾಗವು 1964ರ ಮಾದರಿಗೆ ಒಪ್ಪುವುದಿಲ್ಲ. ದಿನಾಂಕವನ್ನು ಮೊದಲು ನಿಗದಿಪಡಿಸಿ, ಪ್ರತಿ ಭಾಗವನ್ನೂ ಅದಕ್ಕೆ ಹೋಲಿಸಿ ನೋಡಿ, ಹೊಂದದ್ದನ್ನು ಎಷ್ಟೇ ಸುಂದರವಾಗಿದ್ದರೂ ಬದಿಗಿಡುವ ನಿರ್ಮಾಪಕನ ಮಾದರಿಯು ಸಂಗ್ರಾಹಕನ ಕಪಾಟಿನಲ್ಲಿ ಗೌರವದ ಸ್ಥಾನವನ್ನು ಪಡೆಯುವುದು ನಿಶ್ಚಿತ.