ಶೀತಲ ಘಟಕಗಳಲ್ಲಿ ಗ್ಯಾಸ್ ಸೋರಿಕೆ: ಪತ್ತೆ ಹಚ್ಚುವ ಕ್ರಮ

ಐಸ್‌ಕ್ರೀಂ ತಯಾರಕರು, ಹಾಲು ಸಂಸ್ಕರಣಾ ಘಟಕಗಳು, ಬೇಕರಿಗಳು, ಔಷಧ ದಾಸ್ತಾನುಗಾರರು ಹಾಗೂ ಹಣ್ಣು-ತರಕಾರಿಯ ಸಗಟು ವರ್ತಕರು ತಮ್ಮ ವ್ಯವಹಾರಕ್ಕಾಗಿ ಶೀತಲ ಕೊಠಡಿಗಳನ್ನು ಅವಲಂಬಿಸಿದ್ದಾರೆ. ಬೇಸಿಗೆ ಬಂತೆಂದರೆ ಇಂತಹ ಅನೇಕ ಘಟಕಗಳಲ್ಲಿ "ಗ್ಯಾಸ್ ಕಡಿಮೆಯಾಗಿದೆ, ತುಂಬಿಸಬೇಕು" ಎಂಬ ಮಾತು ಕೇಳಿಬರುತ್ತದೆ. ಮೆಕ್ಯಾನಿಕ್ ಬಂದು ಗ್ಯಾಸ್ ತುಂಬುತ್ತಾನೆ. ಕೆಲವು ತಿಂಗಳ ನಂತರ ಅದೇ ದೂರು ಮರುಕಳಿಸುತ್ತದೆ.

ಇಲ್ಲಿ ಉದ್ಯಮಿಗಳು ಅರಿಯಬೇಕಾದ ಮೂಲ ಸಂಗತಿಯೊಂದಿದೆ. ಶೀತಕ ಅನಿಲವು ಡೀಸೆಲ್‌ನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಅದು ಮುಚ್ಚಿದ ಕೊಳವೆಗಳೊಳಗೆ ದ್ರವವಾಗಿ, ಅನಿಲವಾಗಿ ಮತ್ತೆ ಮತ್ತೆ ರೂಪಾಂತರಗೊಳ್ಳುತ್ತಾ ಸುತ್ತುತ್ತಿರುತ್ತದೆ. ಮೊದಲು ಸರಿಯಾಗಿ ತುಂಬಿದ್ದ ಗ್ಯಾಸ್ ಕಡಿಮೆಯಾಗಿದ್ದರೆ ಅದು ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆಯನ್ನು ಸರಿಪಡಿಸದೆ ಗ್ಯಾಸ್ ತುಂಬುವುದು ತೂತು ಬಿದ್ದ ಕೊಡಕ್ಕೆ ನೀರು ತುಂಬಿದಂತೆ.

ನಷ್ಟದ ಸ್ವರೂಪ

ಗ್ಯಾಸಿನ ಬೆಲೆ ನಷ್ಟದ ಒಂದು ಭಾಗ ಮಾತ್ರ. ಗ್ಯಾಸ್ ಕಡಿಮೆಯಾದಾಗ ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ. ವಿದ್ಯುತ್ ಬಿಲ್ಲು ಏರುತ್ತದೆ. ಮರಳಿ ಬರುವ ತಂಪು ಅನಿಲದಿಂದಲೇ ತಣಿಯುವ ಕಂಪ್ರೆಸರ್‌ಗಳು ಅತಿಯಾಗಿ ಕಾಯ್ದು ಸುಟ್ಟುಹೋಗುವ ಸಂಭವವೂ ಉಂಟು. ಎಲ್ಲಕ್ಕಿಂತ ಮಿಗಿಲಾಗಿ ದಾಸ್ತಾನು ಕೆಡುವ ಭಯವಿರುತ್ತದೆ.

ಪರಿಸರದ ಅಂಶವೂ ಇಲ್ಲಿದೆ. ವಾತಾವರಣಕ್ಕೆ ಸೇರಿದ 1 ಕಿ.ಗ್ರಾಂ ಆರ್-404ಎ ಅನಿಲವು ನೂರು ವರ್ಷಗಳ ಅವಧಿಯಲ್ಲಿ ಸುಮಾರು 3.9 ಟನ್ ಇಂಗಾಲದ ಡೈಆಕ್ಸೈಡಿನಷ್ಟು ತಾಪ ಉಂಟುಮಾಡುತ್ತದೆ. ಓಝೋನ್ ಪದರಕ್ಕೆ ಹಾನಿಕರವಾದ ಆರ್-22 ಅನಿಲವನ್ನು 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಹಂತಹಂತವಾಗಿ ಕೈಬಿಡಲಾಗುತ್ತಿದೆ. ಆರ್-134ಎ, ಆರ್-404ಎ, ಆರ್-410ಎ ಮೊದಲಾದವುಗಳ ಬಳಕೆಯನ್ನು ಇಳಿಸಬೇಕೆನ್ನುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತವು 2021ರಲ್ಲಿ ಅನುಮೋದಿಸಿದೆ. ಆದ್ದರಿಂದ ಹಳೆಯ ಯಂತ್ರವುಳ್ಳವರು ಇರುವ ಗ್ಯಾಸನ್ನು ಉಳಿಸಿಕೊಳ್ಳುವುದು ಜಾಣತನ.

ಸೋರಿಕೆಯ ಲಕ್ಷಣಗಳು

1. ಕೂಲಿಂಗ್ ಕಾಯಿಲಿನ ಆರಂಭದ ಭಾಗದಲ್ಲಿ ಮಾತ್ರ ಹಿಮ ಕಟ್ಟಿ, ಉಳಿದ ಭಾಗ ಒಣಗಿರುವುದು.
2. ಸಕ್ಷನ್ ಒತ್ತಡ ಸಾಮಾನ್ಯಕ್ಕಿಂತ ಕಡಿಮೆಯಿರುವುದು.
3. ಸೈಟ್ ಗ್ಲಾಸಿನಲ್ಲಿ ಸತತವಾಗಿ ಗುಳ್ಳೆ ಕಾಣುವುದು.
4. ಕೊಳವೆಯ ಜೋಡಣೆಗಳ ಬಳಿ ಎಣ್ಣೆಯ ಜಿಡ್ಡು, ಅದರ ಮೇಲೆ ಅಂಟಿದ ಧೂಳು. ಗ್ಯಾಸಿನೊಡನೆ ಕಂಪ್ರೆಸರ್ ಎಣ್ಣೆಯೂ ಹೊರಬರುವುದರಿಂದ ಇದು ನಂಬಲರ್ಹ ಗುರುತು.

ಮೊದಲ ಮೂರು ಲಕ್ಷಣಗಳು ಫಿಲ್ಟರ್ ಕಟ್ಟಿಕೊಂಡಾಗ ಅಥವಾ ಎಕ್ಸ್‌ಪಾನ್ಷನ್ ವಾಲ್ವ್ ಕೆಟ್ಟಾಗಲೂ ತೋರಬಹುದು. ಆದಕಾರಣ ಪರೀಕ್ಷಿಸದೆ ಗ್ಯಾಸ್ ತುಂಬಲು ಒಪ್ಪಬಾರದು.

ಪತ್ತೆ ಮಾಡುವ ವಿಧಾನಗಳು

ಸಾಬೂನು ನೀರು: ಅಗ್ಗದ ಹಾಗೂ ನಿಖರವಾದ ವಿಧಾನ. ಫ್ಲೇರ್ ನಟ್, ಸರ್ವಿಸ್ ವಾಲ್ವ್, ಬ್ರೇಜಿಂಗ್ ಬೆಸುಗೆ, ಕಂಪ್ರೆಸರ್‌ನ ಗ್ಯಾಸ್ಕೆಟ್‌ಗಳಿಗೆ ಬಳಿದು ಒಂದೆರಡು ನಿಮಿಷ ಕಾದು ನೋಡಬೇಕು. ಅತಿ ಸಣ್ಣ ಸೋರಿಕೆ ಇದರಲ್ಲಿ ತಪ್ಪಿಹೋಗಬಹುದು.

ಎಲೆಕ್ಟ್ರಾನಿಕ್ ಡಿಟೆಕ್ಟರ್: ಸಣ್ಣ ಸೋರಿಕೆಗೂ ಸ್ಪಂದಿಸುತ್ತದೆ. ಫ್ಯಾನ್‌ಗಳನ್ನು ನಿಲ್ಲಿಸಿ, ಅದರ ತುದಿಯನ್ನು ಸೆಕೆಂಡಿಗೆ 2-3 ಸೆಂ.ಮೀ. ವೇಗದಲ್ಲಿ ಕೊಳವೆಗೆ ಸಮೀಪವಾಗಿ ಸಾಗಿಸಬೇಕು. ಮೇಲೆ ಹೇಳಿದ ಅನಿಲಗಳು ಗಾಳಿಗಿಂತ ಭಾರವಾದ್ದರಿಂದ ಜೋಡಣೆಯ ತಳಭಾಗವನ್ನು ತಪ್ಪದೆ ನೋಡಬೇಕು. ಉಪಕರಣ ಸದ್ದು ಮಾಡಿದ ಸ್ಥಳವನ್ನು ಸಾಬೂನು ನೀರಿನಿಂದ ಖಚಿತಪಡಿಸಿಕೊಳ್ಳುವುದು ಒಳಿತು.

ಹ್ಯಾಲೈಡ್ ಟಾರ್ಚ್: ಜ್ವಾಲೆ ಹಸಿರಾಗುವುದನ್ನು ನೋಡಿ ಸೋರಿಕೆ ತಿಳಿಯುವ ಹಳೆಯ ಸಾಧನ. ಕ್ಲೋರಿನ್ ಉಳ್ಳ ಆರ್-22ಕ್ಕೆ ಮಾತ್ರ ಉಪಯುಕ್ತ. ಆರ್-134ಎ, ಆರ್-404ಎಗಳನ್ನು ಅದು ತೋರಿಸದು. ಬೆಂಕಿ ಹೊತ್ತಬಲ್ಲ ಆರ್-290, ಆರ್-32 ಅನಿಲಗಳಿರುವಲ್ಲಿ ಯಾವುದೇ ಜ್ವಾಲೆ ಸಲ್ಲದು.

ನೈಟ್ರೋಜನ್ ಪರೀಕ್ಷೆ: ಗ್ಯಾಸ್ ಪೂರ್ತಿ ಸೋರಿಹೋಗಿದ್ದಲ್ಲಿ, ರೆಗ್ಯುಲೇಟರ್ ಮೂಲಕ ಒಣ ನೈಟ್ರೋಜನ್ ತುಂಬಿ ಇಡೀ ರಾತ್ರಿ ಒತ್ತಡ ಗಮನಿಸಬೇಕು. ಯಂತ್ರದ ಫಲಕದಲ್ಲಿ ನಮೂದಿಸಿದ ಒತ್ತಡವನ್ನು ಮೀರಬಾರದು. ಉಷ್ಣತೆಯ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಂಜೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 150 ಪಿ.ಎಸ್.ಐ. ಇದ್ದ ಒತ್ತಡವು ಮುಂಜಾನೆ 20 ಡಿಗ್ರಿಗೆ ಇಳಿದಾಗ ಸೋರಿಕೆಯಿಲ್ಲದೆಯೇ ಸುಮಾರು 5 ಪಿ.ಎಸ್.ಐ. ತಗ್ಗುತ್ತದೆ. ಅದಕ್ಕಿಂತ ಹೆಚ್ಚು ಇಳಿದರೆ ಸೋರಿಕೆ ಇದೆಯೆಂದು ತಿಳಿಯಬೇಕು. ನೈಟ್ರೋಜನ್ ಬದಲಿಗೆ ಆಮ್ಲಜನಕವನ್ನು ಎಂದಿಗೂ ಬಳಸಕೂಡದು. ಎಣ್ಣೆಯೊಡನೆ ಸೇರಿ ಅದು ಸ್ಫೋಟಿಸುತ್ತದೆ.

ಅಮೋನಿಯಾ ಘಟಕಗಳು

ಮಂಜುಗಡ್ಡೆ ಕಾರ್ಖಾನೆಗಳಲ್ಲಿ ಮತ್ತು ದೊಡ್ಡ ಶೈತ್ಯಾಗಾರಗಳಲ್ಲಿ ಅಮೋನಿಯಾ ಬಳಕೆ ಸಾಮಾನ್ಯ. ಇದರ ಘಾಟು ವಾಸನೆಯೇ ಮೊದಲ ಎಚ್ಚರಿಕೆ. ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದವು ಸೋರಿಕೆಯ ಬಳಿ ನೀಲಿಯಾಗುತ್ತದೆ. ಅಮೋನಿಯಾ ಗಾಳಿಗಿಂತ ಹಗುರವಾದ್ದರಿಂದ ಅದರ ಸೆನ್ಸರ್‌ಗಳನ್ನು ಸಾಮಾನ್ಯವಾಗಿ ಮೇಲ್ಭಾಗದಲ್ಲಿ ಅಳವಡಿಸಲಾಗುತ್ತದೆ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 300 ಭಾಗ ಅಮೋನಿಯಾ ಸೇರಿದರೆ ಜೀವಕ್ಕೆ ಕೂಡಲೇ ಅಪಾಯವೆಂದು ಪರಿಗಣಿಸಲಾಗಿದೆ. ಘಾಟು ತೀವ್ರವಾಗಿದ್ದಲ್ಲಿ ಕೆಲಸಗಾರರನ್ನು ಹುಡುಕಲು ಕಳುಹಿಸದೆ ಎಲ್ಲರನ್ನೂ ಹೊರಗೆ ಕರೆತರತಕ್ಕದ್ದು.

ದುರಸ್ತಿಯ ನಂತರ

ಸೋರಿಕೆ ಮುಚ್ಚಿದ ಬಳಿಕ ಮತ್ತೊಮ್ಮೆ ಒತ್ತಡ ಪರೀಕ್ಷೆ ನಡೆಸಿ, ವ್ಯಾಕ್ಯೂಮ್ ಪಂಪಿನಿಂದ ಗಾಳಿ ಮತ್ತು ತೇವಾಂಶವನ್ನು ಹೊರತೆಗೆದು, ಗ್ಯಾಸನ್ನು ತೂಕ ಮಾಡಿಯೇ ತುಂಬಿಸಬೇಕು. ದಿನಾಂಕ, ಗ್ಯಾಸಿನ ಹೆಸರು, ತುಂಬಿದ ತೂಕ, ಸೋರಿದ ಸ್ಥಳ ಇವುಗಳನ್ನು ಪ್ರತಿ ಯಂತ್ರಕ್ಕೂ ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಉದಾಹರಣೆಗೆ, 12 ಕಿ.ಗ್ರಾಂ ಸಾಮರ್ಥ್ಯದ ಘಟಕಕ್ಕೆ ವರ್ಷದಲ್ಲಿ ಮೂರು ಬಾರಿ 3 ಕಿ.ಗ್ರಾಂನಂತೆ ತುಂಬಿದ್ದರೆ, ಶೇ. 75ರಷ್ಟು ಗ್ಯಾಸ್ ಗಾಳಿಗೆ ಹೋಗಿದೆ ಎಂಬುದು ಪುಸ್ತಕ ತೆರೆದೊಡನೆ ಗೋಚರಿಸುತ್ತದೆ. ಬಿಡಿ ಬಿಡಿ ಬಿಲ್ಲುಗಳಲ್ಲಿ ಅದು ಕಾಣದು.

ಸರಕಿನ ಒಂದೊಂದು ಮೂಟೆಗೂ ಲೆಕ್ಕವಿಡುವ ವರ್ತಕರು ಗ್ಯಾಸಿಗೂ ಅದೇ ಶಿಸ್ತನ್ನು ಅನ್ವಯಿಸಬೇಕು. "ಎಷ್ಟು ತುಂಬಿದಿರಿ?" ಎಂದು ಕೇಳುವ ಮುನ್ನ "ಎಲ್ಲಿ ಸೋರುತ್ತಿತ್ತು?" ಎಂದು ಮೆಕ್ಯಾನಿಕ್‌ನನ್ನು ಕೇಳುವ ಪರಿಪಾಠ ಬೆಳೆದರೆ ಈ ಖರ್ಚಿನ ಬಹುಭಾಗವನ್ನು ತಡೆಯಬಹುದು.