ನೋವಿನ ಮೂಲ ಹುಡುಕೋಣ: ಟೊಂಕ ನೋವು, ಕೀಲು ನೋವು ಮತ್ತು ನಮ್ಮೂರ ನೀರು

(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು)



ಸಂಘದ ಸಭೆಗಳಲ್ಲಿ ನಾವು ಮತ್ತೆ ಮತ್ತೆ ಕೇಳುವ ಮಾತು ಒಂದಿದೆ. "ಸಿಸ್ಟರ್, ಟೊಂಕ ಹಿಡ್ಕೊಂಡೈತ್ರಿ, ಕುಂತ್ರ ಏಳಾಕ ಆಗೂದಿಲ್ಲ." ಇನ್ನೊಬ್ಬರು ಹೇಳುತ್ತಾರೆ, "ಮೊಣಕಾಲಿಗೆ ಸೂಜಿ ಮಾಡಿಸ್ಕೊಂಡ್ರ ನಾಕ ದಿನ ಆರಾಮ, ಆಮ್ಯಾಲೆ ಮತ್ತ ಅದ ನೋವು." ವಯಸ್ಸಾಯಿತು, ಇನ್ನೇನು ಮಾಡೋದು ಎಂದು ಸುಮ್ಮನಾಗುವವರೂ ಇದ್ದಾರೆ. ಸಂಘದಿಂದ ದವಾಖಾನೆ ಖರ್ಚಿಗೆಂದು ಪಡೆದ ಸಾಲ ಎಷ್ಟೋ ಸಲ ಇಂಥ ಸೂಜಿ, ಗುಳಿಗೆಗೇ ಹೋಗುತ್ತದೆ. ಸಾಲ ಉಳಿಯುತ್ತದೆ, ನೋವೂ ಉಳಿಯುತ್ತದೆ.

ನೋವು ಎಂಬ ಹೆಸರು ಒಂದೇ, ಆದರೆ ಅದರ ಮೂಲ ಒಂದೇ ಅಲ್ಲ. ಮೂಲ ತಿಳಿಯದೆ ನೋವು ಮುಚ್ಚಿದರೆ ಕೆಡುಕು ಒಳಗೇ ಬೆಳೆಯುತ್ತದೆ. ಇದೇ ಈ ಪಾಠದ ಸಾರ.

1. ನೋವು ಎಲ್ಲಿಂದ ಬರುತ್ತದೆ?

ದುಡಿಮೆಯಿಂದ: ಗಂಗಾವತಿ ಕಡೆ ಇಡೀ ದಿನ ಕೆಸರಿನಲ್ಲಿ ಬಗ್ಗಿ ನೆಲ್ಲು ಹಚ್ಚುವವರು, ಕುಷ್ಟಗಿ-ಯಲಬುರ್ಗಾ ಕಡೆ ಶೇಂಗಾ ಕೀಳುವವರು, ಕಳೆ ತೆಗೆಯುವವರು, ಕೊಡ ಹೊರುವವರು, ಇವರ ಸ್ನಾಯುಗಳು ದಣಿದು ಬಿಗಿಯುತ್ತವೆ. ಈ ನೋವು ವಿಶ್ರಾಂತಿ ಪಡೆದರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಸವೆತದಿಂದ: ವಯಸ್ಸಾದಂತೆ ಮೊಣಕಾಲಿನ ಕೀಲು ಸವೆಯುತ್ತದೆ. ಕುಕ್ಕರಗಾಲಲ್ಲಿ ಕುಳಿತು ಏಳುವಾಗ, ಮೆಟ್ಟಿಲು ಹತ್ತುವಾಗ ನೋವು ಹೆಚ್ಚು. ಮುಟ್ಟು ನಿಂತ ಮೇಲೆ ಎಲುಬೂ ತೆಳ್ಳಗಾಗುತ್ತದೆ.

ಕಾಯಿಲೆಯಿಂದ: ಕೈಬೆರಳಿನ ಕೀಲುಗಳು ಬಾತು, ಬೆಳಿಗ್ಗೆ ಎದ್ದಾಗ ಒಂದು ತಾಸಾದರೂ ಬಿಗಿತ ಬಿಡದಿದ್ದರೆ ಅದು ಸಂಧಿವಾತ ಇರಬಹುದು. 2006ರಲ್ಲಿ ನಮ್ಮ ರಾಜ್ಯದ ಅನೇಕ ಜಿಲ್ಲೆಗಳಿಗೆ ಹಬ್ಬಿದ ಚಿಕೂನ್‌ಗುನ್ಯಾ ಜ್ವರದಂತೆ, ಕೆಲವು ಜ್ವರಗಳು ಹೋದ ಮೇಲೂ ಕೀಲು ನೋವು ತಿಂಗಳುಗಟ್ಟಲೆ ಉಳಿಯುತ್ತದೆ.

ನೀರಿನಿಂದ: ನಮ್ಮ ಭಾಗದಲ್ಲಿ ಇದನ್ನು ಮರೆಯಲೇಬಾರದು. ಅದನ್ನೇ ಸ್ವಲ್ಪ ವಿವರವಾಗಿ ನೋಡೋಣ.

2. ನೀರಿನಲ್ಲಿರುವ ಫ್ಲೋರೈಡ್

ಕೊಪ್ಪಳ ಜಿಲ್ಲೆಯಲ್ಲಿ, ಅದರಲ್ಲೂ ಕುಷ್ಟಗಿ, ಯಲಬುರ್ಗಾ ಭಾಗದ ಅನೇಕ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಂಬ ಲವಣ ಹೆಚ್ಚಾಗಿದೆ. ನೆಲದಡಿಯ ಕಲ್ಲಿನಲ್ಲಿರುವ ಫ್ಲೋರೈಡ್ ಮೆಲ್ಲಗೆ ಕರಗಿ ನೀರಿಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸಾಕು. ಬೇರೆ ನೀರೇ ಸಿಗದಿದ್ದರೂ 1.5 ಮಿಲಿಗ್ರಾಂ ದಾಟಬಾರದು. ಇದಕ್ಕಿಂತ ಹೆಚ್ಚಿದ್ದ ನೀರನ್ನು ವರ್ಷಗಟ್ಟಲೆ ಕುಡಿದರೆ ಅದು ಎಲುಬು, ಕೀಲುಗಳಲ್ಲಿ ಕೂಡುತ್ತಾ ಹೋಗುತ್ತದೆ. ಮೊದಲು ಕೀಲು ನೋವು, ಟೊಂಕ ಬಿಗಿತ. ಮುಂದೆ ಕುತ್ತಿಗೆ ತಿರುಗದು, ಬೆನ್ನು ಬಾಗುತ್ತದೆ. ಇದೇ ಫ್ಲೋರೋಸಿಸ್. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ. ಇದು ಅಂಟುರೋಗವಲ್ಲ, ಯಾರ ಶಾಪವೂ ಅಲ್ಲ.

ಇಂಥ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ ಅಥವಾ ಹಳದಿ, ಕಂದು ಗೆರೆ ಮೂಡುತ್ತದೆ. ಆದರೆ ಒಂದು ಮಾತು ನೆನಪಿರಲಿ. ಹಲ್ಲಿನ ಮೇಲೆ ಗುರುತು ಬೀಳುವುದು ಬಾಲ್ಯದಲ್ಲಿ ಹಲ್ಲು ಬೆಳೆಯುವಾಗ ಮಾತ್ರ. ಒಳ್ಳೆಯ ನೀರಿನ ತವರಿನಿಂದ ಸೊಸೆಯಾಗಿ ಬಂದವರ ಹಲ್ಲು ಬಿಳುಪಾಗಿಯೇ ಇದ್ದು ಎಲುಬಿಗೆ ತೊಂದರೆ ಆಗಿರಬಹುದು.

3. ಸಭೆಯಲ್ಲೇ ಮಾಡಿ ನೋಡಿ

ಅ) ನೆಟ್ಟಗೆ ನಿಂತು, ಮೊಣಕಾಲು ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಿ.
ಆ) ಗದ್ದವನ್ನು ಎದೆಗೆ ತಾಗಿಸಿ.
ಇ) ಎರಡೂ ಕೈ ಅಗಲಕ್ಕೆ ಚಾಚಿ, ಮೊಣಕೈ ಮಡಚಿ ತಲೆಯ ಹಿಂಭಾಗ ಮುಟ್ಟಿ.

ನೋವಿದ್ದರೆ ಒತ್ತಾಯದಿಂದ ಮಾಡಬೇಡಿ. ಇವು ಆಗದಿದ್ದರೆ ಫ್ಲೋರೋಸಿಸ್ ಇದ್ದೇ ಇದೆ ಎಂದಲ್ಲ, ಬೇರೆ ಕಾರಣವೂ ಇರಬಹುದು. ಆದರೆ ಒಂದೇ ಓಣಿಯ ಹಲವರಿಗೆ ಆಗದಿದ್ದರೆ ನೀರಿನ ಮೇಲೆ ಅನುಮಾನ ಪಡಬೇಕು.

4. ನೀರಿಗೆ ಏನು ಮಾಡಬೇಕು?

ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತದೆ. ಅರಿವೆಯಲ್ಲಿ ಸೋಸಿದರೂ ಹೋಗದು. ನದಿ ನೀರು ಬರುತ್ತಿದ್ದರೆ ಅದನ್ನು, ಇಲ್ಲವೇ ಶುದ್ಧ ನೀರಿನ ಘಟಕದ ನೀರನ್ನು, ಅಥವಾ ಸ್ವಚ್ಛವಾಗಿ ಹಿಡಿದಿಟ್ಟ ಮಳೆ ನೀರನ್ನು ಬಳಸಿ. ಅನೇಕರು ಫಿಲ್ಟರ್ ನೀರು ಕುಡಿಯುತ್ತಾರೆ, ಆದರೆ ಅನ್ನ, ಬ್ಯಾಳಿ, ಅಂಬಲಿ, ಚಹಾಕ್ಕೆ ಬೋರಿನ ನೀರನ್ನೇ ಹಾಕುತ್ತಾರೆ. ಹಾಗೆ ಮಾಡಿದರೆ ಫ್ಲೋರೈಡ್ ಊಟದ ಮೂಲಕ ಹೊಟ್ಟೆ ಸೇರುತ್ತದೆ. ಅಡಿಗೆಗೂ ಒಳ್ಳೆಯ ನೀರೇ ಬೇಕು. ಸ್ನಾನಕ್ಕೆ, ಬಟ್ಟೆ ಒಗೆಯಲು ಬೋರಿನ ನೀರು ಸಾಕು.

ಎಲುಬಿಗೆ ಆಗಲೇ ಆದ ಹಾನಿಯನ್ನು ಪೂರ್ತಿ ಸರಿಪಡಿಸುವ ಔಷಧ ಇಲ್ಲ. ಆದರೆ ನೀರು ಬದಲಿಸಿದರೆ ಕಾಯಿಲೆ ಮುಂದುವರಿಯುವುದು ತಡೆಯುತ್ತದೆ. ಬೇಗ ಬದಲಿಸಿದವರಿಗೆ ನೋವೂ ಇಳಿಯಬಹುದು. ಮಜ್ಜಿಗೆ, ಹಾಲು, ಎಳ್ಳು, ನುಗ್ಗೆಸೊಪ್ಪು, ನೆಲ್ಲಿಕಾಯಿ, ಪೇರಲ, ನಿಂಬೆಹಣ್ಣು ಊಟದಲ್ಲಿರಲಿ. ಕಡು ಚಹಾ ಕಡಿಮೆ ಮಾಡಿ, ಅದರಲ್ಲೂ ಫ್ಲೋರೈಡ್ ಇರುತ್ತದೆ.

5. ಸೂಜಿ, ಗುಳಿಗೆಯ ಅಪಾಯ

ದಿನವೂ ನೋವಿನ ಗುಳಿಗೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಬಿ.ಪಿ. ಏರುತ್ತದೆ, ಮೂತ್ರಪಿಂಡ ಕೆಡುತ್ತದೆ. ಮೈಗೆ ಸೇರಿದ ಫ್ಲೋರೈಡನ್ನು ಹೊರಹಾಕುವುದು ಇದೇ ಮೂತ್ರಪಿಂಡ. ಅದು ಕೆಟ್ಟರೆ ವಿಷ ಒಳಗೇ ಉಳಿಯುತ್ತದೆ. ಅಂದರೆ ನೋವಿಗೆಂದು ನುಂಗಿದ ಗುಳಿಗೆಯೇ ನೋವನ್ನು ಬೆಳೆಸೀತು! ಹೆಸರಿಲ್ಲದ ಪುಡಿ, ಕ್ಷಣದಲ್ಲಿ ಆರಾಮ ಕೊಡುವ ಸೂಜಿಗಳಲ್ಲಿ ಸ್ಟಿರಾಯ್ಡ್ ಇರುವ ಸಂಭವವಿದೆ. ಅದರಿಂದ ಮುಖ ಬಾತು, ಸಕ್ಕರೆ ಏರಿ, ಎಲುಬು ಟೊಳ್ಳಾಗುತ್ತದೆ. ಬಹಳ ದಿನದಿಂದ ತೆಗೆದುಕೊಳ್ಳುತ್ತಿರುವವರು ಒಮ್ಮೆಲೇ ನಿಲ್ಲಿಸದೆ ಸರ್ಕಾರಿ ಡಾಕ್ಟರಿಗೆ ತೋರಿಸಿ. ಯಾವ ಔಷಧಿ ಎಂದು ಚೀಟಿ ಬರೆದು ಕೊಡದವರಲ್ಲಿಗೆ ಹೋಗಬೇಡಿ.

6. ದಿನನಿತ್ಯ ನಾವು ಮಾಡಬಹುದಾದದ್ದು

* ಬಗ್ಗಿ ಮಾಡುವ ಕೆಲಸದಲ್ಲಿ ಅರ್ಧ ತಾಸಿಗೊಮ್ಮೆ ಎದ್ದು, ಸೊಂಟದ ಮೇಲೆ ಕೈಯಿಟ್ಟು ಮೆಲ್ಲಗೆ ಹಿಂದಕ್ಕೆ ಬಾಗಿ. ಐದು ಸಲ ಸಾಕು.
* ದೊಡ್ಡ ಕೊಡ ಒಂದರ ಬದಲು ಸಣ್ಣವು ಎರಡು ಸಲ ತನ್ನಿ. ಎತ್ತುವಾಗ ಟೊಂಕ ಬಗ್ಗಿಸದೆ ಮೊಣಕಾಲು ಮಡಚಿ ಎತ್ತಿ.
* ಮೊಣಕಾಲು ನೋವಿರುವವರು ಸಾಧ್ಯವಾದಷ್ಟು ನೆಲಕ್ಕೆ ಕೂಡದೆ ಎತ್ತರದ ಮೇಲೆ ಕೂಡಿ. ಒಲೆಯನ್ನು ಕಟ್ಟೆಯ ಮೇಲಿಟ್ಟು, ನಿಂತು ರೊಟ್ಟಿ ಬಡಿಯಿರಿ.
* ಕಾಲು ಚಾಚಿ ಕುಳಿತು, ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು ಕೆಳಕ್ಕೆ ಒತ್ತಿ, ಐದು ಎಣಿಸಿ ಬಿಡಿ. ದಿನಕ್ಕೆರಡು ಬಾರಿ, ಹತ್ತು ಹತ್ತು ಸಲ. ತೊಡೆಯ ಸ್ನಾಯು ಬಲವಾದರೆ ಮೊಣಕಾಲಿಗೆ ಭಾರ ಕಡಿಮೆ.
* ಬಿಗಿದ ಸ್ನಾಯುವಿಗೆ ಬಿಸಿನೀರಿನ ಶಾಖ ಕೊಡಿ. ಪೂರ್ತಿ ಹಾಸಿಗೆ ಹಿಡಿಯಬೇಡಿ, ಅಲುಗಾಡದಿದ್ದರೆ ಬಿಗಿತ ಹೆಚ್ಚು.

7. ತಡಮಾಡದೆ ದವಾಖಾನೆಗೆ ಹೋಗಬೇಕಾದದ್ದು ಯಾವಾಗ?

ಜ್ವರದೊಂದಿಗೆ ಕೀಲು ಕೆಂಪಗೆ ಬಾತರೆ, ಕಾಲು ಜೋಮು ಹಿಡಿದು ಬಲ ಕಡಿಮೆಯಾದರೆ, ಮೂತ್ರ ಹಿಡಿತಕ್ಕೆ ಸಿಗದಿದ್ದರೆ, ಬಿದ್ದ ಮೇಲೆ ನೋವು ಹೆಚ್ಚಾದರೆ, ರಾತ್ರಿಯೂ ಬೆನ್ನು ನೋವಿದ್ದು ಸಂಜೆ ಜ್ವರ ಬಂದು ಮೈ ಇಳಿದರೆ (ಬೆನ್ನುಮೂಳೆಗೂ ಟಿ.ಬಿ. ಬರುತ್ತದೆ), ಬೆರಳ ಕೀಲುಗಳು ಬಾತು ಇಳಿಯದಿದ್ದರೆ. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಬರೆದುಕೊಟ್ಟರೆ ತಾಲ್ಲೂಕು ಆಸ್ಪತ್ರೆಗೆ ಅಥವಾ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಹೋಗಿ. ಆಶಾ ಕಾರ್ಯಕರ್ತೆಯ ಸಹಾಯ ಪಡೆಯಿರಿ.

8. ಸಂಘವಾಗಿ ಏನು ಮಾಡೋಣ?

ಲೂಕನ ಶುಭಸಂದೇಶದಲ್ಲಿ ಹದಿನೆಂಟು ವರ್ಷ ಬೆನ್ನು ಬಾಗಿ ನೆಟ್ಟಗಾಗಲಾರದೆ ಇದ್ದ ಒಬ್ಬ ಹೆಂಗಸಿನ ಪ್ರಸಂಗವಿದೆ. ಆಕೆ ಏನೂ ಕೇಳುವ ಮೊದಲೇ ಯೇಸುಸ್ವಾಮಿ ಆಕೆಯನ್ನು ಕಂಡು ಹತ್ತಿರ ಕರೆದರು. ನಮ್ಮ ನಡುವೆಯೂ ನೋವು ಹೇಳಿಕೊಳ್ಳದ ಅಜ್ಜಿ, ಅತ್ತೆ, ನೆರೆಯವರು ಇದ್ದಾರೆ. ಅವರನ್ನು ನಾವೇ ಕಂಡು ವಿಚಾರಿಸೋಣ.

ಚರ್ಚೆಗೆ ಪ್ರಶ್ನೆಗಳು:
1. ನಮ್ಮ ಸಂಘದಲ್ಲಿ ಎಷ್ಟು ಜನರಿಗೆ ಟೊಂಕ, ಕೀಲು ನೋವಿದೆ? ಅವರು ಯಾವ ಬೋರಿನ ನೀರು ಬಳಸುತ್ತಾರೆ?
2. ಕಳೆದ ವರ್ಷ ಸೂಜಿ, ಗುಳಿಗೆಗೆ ಎಷ್ಟು ಹಣ ಹೋಯಿತು?
3. ಊರಿನ ಶುದ್ಧ ನೀರಿನ ಘಟಕ ನಡೆಯುತ್ತಿದೆಯೇ? ಅದರ ನೀರನ್ನು ಪರೀಕ್ಷೆ ಮಾಡಿದ್ದಾರೆಯೇ?

ಮಾಡಬೇಕಾದ ಕೆಲಸ: ಪ್ರತಿ ಊರಿನಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕೆಂದು 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಹೇಳುತ್ತದೆ. ನಮ್ಮೂರಿನ ಆ ಐವರು ಯಾರೆಂದು ಗ್ರಾಮ ಪಂಚಾಯತಿಯಲ್ಲಿ ಕೇಳಿ. ಕುಡಿಯುವ ನೀರಿನ ಎಲ್ಲ ಮೂಲಗಳ ಪರೀಕ್ಷೆ ಆಗಬೇಕೆಂದು ಸಭೆಯಲ್ಲಿ ಠರಾವು ಬರೆದು, ಎಲ್ಲರೂ ಸಹಿ ಅಥವಾ ಹೆಬ್ಬೆಟ್ಟು ಹಾಕಿ ಅರ್ಜಿ ಕೊಡಿ. ಅರ್ಜಿ ಮುಟ್ಟಿದ್ದಕ್ಕೆ ಸ್ವೀಕೃತಿ ಪಡೆಯಿರಿ. ಒಬ್ಬರು ಕೇಳಿದರೆ ನಾಳೆ ಬಾ ಅಂದಾರು, ಇಪ್ಪತ್ತು ಜನ ಹೋದರೆ ಕುರ್ಚಿ ಕೊಟ್ಟು ಕೇಳುತ್ತಾರೆ. ಪರೀಕ್ಷೆಯ ಫಲಿತಾಂಶವನ್ನು ಮುಂದಿನ ಸಭೆಯಲ್ಲಿ ಎಲ್ಲರ ಮುಂದೆ ಓದಿ ಹೇಳಿ.